ಆನೆಕಾಡಿನ ಮಳೆಯಲ್ಲಿ ಸೋರುವ ಮಾಳಿಗೆ

ಕುಶಾಲನಗರದ ಕಾವೇರಿ ಸೇತುವೆ ದಾಟಿ ಮಡಿಕೇರಿ ಕಡೆ ಹೊರಟಿದ್ದೀರಿ. ಆಷಾಢದ ಮಳೆ. ವೈಪರ್ ಎಷ್ಟು ಬಡಿದುಕೊಂಡರೂ ಗಾಜಿನ ಮೇಲೆ ನೀರು ಹರಿಯುತ್ತಲೇ ಇದೆ. ಆನೆಕಾಡಿನ ತಿರುವುಗಳಲ್ಲಿ ಡ್ರೈವರ್ ಗೇರ್ ಇಳಿಸಿ ಪೆನ್‌ಡ್ರೈವ್ ಚುಚ್ಚುತ್ತಾರೆ. ಸ್ಪೀಕರಿನಲ್ಲಿ ರಘು ದೀಕ್ಷಿತ್. ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’.

“ನಮ್ಮೂರಿಗೇ ಬರೆದ ಹಾಗಿದೆ ಅಲ್ವಾ ಸಾರ್?”

ಶರೀಫರು ಕಂಡದ್ದು ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ. ಇಲ್ಲಿನವು ಹೆಂಚಿನ ಮನೆಗಳು. ಆದರೂ ರಾತ್ರಿಯಿಡೀ ತೊಟ್ಟಿಕ್ಕುವ ಜಾಗಕ್ಕೆ ಪಾತ್ರೆ ಇಟ್ಟವರಿಗೆ ಆ ಹಾಡಿನ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಈ ದನಿ ಹೊರಟದ್ದು ನೀವು ಬೆಳಿಗ್ಗೆ ಬಿಟ್ಟುಬಂದ ಮೈಸೂರಿನಿಂದಲೇ. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದ, ಭರತನಾಟ್ಯ ಕಲಿತ ಹುಡುಗ. ನಾಟ್ಯವನ್ನು ಹಂಗಿಸಿದ ಗೆಳೆಯನೊಬ್ಬನ ಸವಾಲಿಗೆ ಗಿಟಾರ್ ಹಿಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮೊದಲು ‘ಅಂತರಾಗ್ನಿ’ ತಂಡ, 2005ರ ಹೊತ್ತಿಗೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಕಲಾವಿದರು ಬರಬಹುದು, ಹೋಗಬಹುದು. ಬಾಗಿಲು ತೆರೆದ ಮನೆಯಂಥ ತಂಡ. ರೆಕಾರ್ಡ್ ಕಂಪನಿಗಳು ಮಾತ್ರ ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ ಮುಂಬೈಯಲ್ಲಿ ಇವರ ಹಾಡು ಕೇಳಿದ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ತಮ್ಮದೇ ಲೇಬಲ್ಲಿನಿಂದ 2008ರಲ್ಲಿ ಮೊದಲ ಆಲ್ಬಂ ತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲೇ ಶರೀಫಜ್ಜ ಕೂತಿದ್ದರು. ನನಗೆ ಈ ತಂಡದ ಮೇಲೆ ಅಭಿಮಾನ ಹುಟ್ಟಿದ್ದು ಅಲ್ಲಿಂದ.

ಕಾರು ಮತ್ತೊಂದು ತಿರುವು ಹೊರಳುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಿಂದ ನೀರು ಇಳಿಯುತ್ತಿದೆ. ನೀವು ಕಣ್ಣು ಮುಚ್ಚಿ 2010ಕ್ಕೆ ಹೋಗಿ. ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ಸ್ಟುಡಿಯೋ. ಅಲ್ಲಿ ತಂಡಗಳು ಸುತ್ತಲೂ ನಿಲ್ಲುತ್ತವೆ. ಒಂದು ಹಾಡು ಮುಗಿಸಿದರೆ ಇನ್ನೊಂದು ಶುರು. ನಿಮ್ಮ ಸರದಿ ಬರುವ ತನಕ ಉಳಿದ ಘಟಾನುಘಟಿಗಳು ಎದುರಿಗೇ ಇರುತ್ತಾರೆ. ಅಂಥ ಕಡೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಹೆಗಲಿಗೆ ಗಿಟಾರ್. ಹೆಜ್ಜೆ ಹಾಕಿದರೆ ತಾಳಕ್ಕೆ ಬೇರೆ ವಾದ್ಯವೇ ಬೇಡ ಅನ್ನುವಂತೆ ಗೆಜ್ಜೆ ಕುಣಿಯುತ್ತದೆ. ಅಂದು ಗೇಲಿಗೊಳಗಾದ ನಾಟ್ಯ, ಪಣಕ್ಕೆ ಕಲಿತ ಗಿಟಾರ್ ಎರಡೂ ಒಂದೇ ಮೈಯಲ್ಲಿ!

2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ. ಮರುವರ್ಷ ವಿಂಡ್ಸರ್‌ನಲ್ಲಿ ರಾಣಿಯ ಸಮ್ಮುಖದಲ್ಲಿ ಹಾಡು.

ಸುಂಟಿಕೊಪ್ಪದಲ್ಲಿ ಟೀಗೆ ನಿಲ್ಲಿಸಿದಾಗ ಡ್ರೈವರ್ ಇಷ್ಟನ್ನೂ ಕೇಳಿಸಿಕೊಂಡು, “ಅಲ್ಲಿಯವರಿಗೆ ಕನ್ನಡ ಅರ್ಥವಾಯ್ತಾ ಸಾರ್?” ಅನ್ನುತ್ತಾರೆ.

ಅರ್ಥವಾಗದಿದ್ದರೂ ಕುಣಿದರು ಅನ್ನುತ್ತೀರಿ. ಅವರು ನಕ್ಕು ಟೀ ಮುಗಿಸಿ, ಕಾರಿಗೆ ಹತ್ತಿದ್ದೇ ವಾಲ್ಯೂಮ್ ಏರಿಸುತ್ತಾರೆ.