ಖೋಡದ್‌ನ ಪ್ರಶ್ನೆ, ಸೆಮಿನಾರಿನ ಪ್ರಶ್ನೆ

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಪುಣೆ ಜಿಲ್ಲೆಯ ನಾರಾಯಣಗಾಂವ್ ಹತ್ತಿರದ ಖೋಡದ್. ಇಲ್ಲಿನ ಜಿಎಂಆರ್‌ಟಿ ರೇಡಿಯೊ ದೂರದರ್ಶಕವನ್ನು ನೋಡಲು ಸುತ್ತಲಿನ ಶಾಲೆಗಳೆಲ್ಲ ಬಂದಿವೆ. ಒಟ್ಟು 30 ಬಟ್ಟಲುಗಳು, ಒಂದೊಂದೂ 45 ಮೀಟರ್ ಅಗಲ. ಒಂದರ ಎದುರು ನಿಂತ ಹುಡುಗಿ ತಲೆಯೆತ್ತಿ ಕೇಳಿದಳು: "ಇದರ ತುಂಬಾ ತೂತುಗಳೇ ಇವೆಯಲ್ಲ, ಅಲೆ ಸೋರಿ ಹೋಗುವುದಿಲ್ವಾ?"

ವಿವರಿಸಲು ನಿಂತಿದ್ದ ಸಂಶೋಧಕ ವಿದ್ಯಾರ್ಥಿ ಮೊದಲು ಪೋಸ್ಟರಿನತ್ತ ತಿರುಗಿದ. ಮರುಕ್ಷಣ ಅದನ್ನು ಬಿಟ್ಟು ಬೆರಳುಗಳನ್ನು ಅಗಲಿಸಿ ಹಿಡಿದ. ಹೈಡ್ರೋಜನ್ ಹೊರಡಿಸುವ ರೇಡಿಯೊ ಅಲೆಯ ಉದ್ದ 21 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ತಂತಿಬಲೆಯ ಕಣ್ಣು ಒಂದೆರಡು ಸೆಂಟಿಮೀಟರ್ ಅಷ್ಟೇ. ಗೇಣುದ್ದದ ಅಲೆ ಅದರಲ್ಲಿ ನುಸುಳಲಾರದೆ ಹಿಂದಕ್ಕೆ ಪುಟಿಯುತ್ತದೆ; ಗಾಳಿ ಮಾತ್ರ ಸಲೀಸಾಗಿ ದಾಟುತ್ತದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದಲೇ ಗೋವಿಂದ ಸ್ವರೂಪ್ ಮತ್ತು ಅವರ ತಂಡಕ್ಕೆ ಇಷ್ಟು ದೊಡ್ಡ ಬಟ್ಟಲನ್ನು ಇಷ್ಟು ಹಗುರಾಗಿ ಕಟ್ಟಲು ಸಾಧ್ಯವಾದದ್ದು. ಹುಡುಗಿಯೂ ಗೇಣು ಹಾಕಿ ನೋಡಿಕೊಂಡಳು. ಆ ವಿವರಣೆಯಲ್ಲಿ ಸುಳ್ಳು ಎಲ್ಲೂ ಇರಲಿಲ್ಲ.

*

ಅದೇ ಸಂಶೋಧಕ ಹುಡುಗನ ಸೆಮಿನಾರ್, ಪುಣೆಯಲ್ಲಿ. ಗ್ರಾಫಿನ ಅಕ್ಷಗಳ ಮೇಲೆ ಇರುವೆಯಷ್ಟು ಅಕ್ಷರ, ಸ್ಲೈಡಿನ ಮೇಲೆ ಸ್ಲೈಡು. ಲೇಸರ್ ಪ್ರಯೋಗ ಮಾಡುವವರು, ದ್ರವಗಳ ಹರಿವಿನ ಲೆಕ್ಕ ಹಾಕುವವರು ಎಲ್ಲರೂ ತಲೆಯಾಡಿಸುತ್ತಿದ್ದರು. ನನಗೆ ಬಗೆಹರಿಯದ್ದು ಇದೇ. ಮಕ್ಕಳಿಗೆ ಹೇಳುವುದು ಕಷ್ಟ ಅಂತಾರೆ. ನನಗೆ ಕಾಣುವ ಹಾಗೆ ಪಕ್ಕದ ಕೋಣೆಯ ಭೌತವಿಜ್ಞಾನಿಗೆ ಹೇಳುವುದೇ ಹೆಚ್ಚು ಕಷ್ಟ. ಅರ್ಥವಾಗದಿದ್ದರೆ ಮಗು ಕೇಳಿಬಿಡುತ್ತದೆ, ಪ್ರೊಫೆಸರ್ ಕೇಳುವುದಿಲ್ಲ. ತಲೆಯಾಡಿಸುವುದನ್ನೇ ನಂಬಿಕೊಂಡರೆ ಮಾತಾಡುವವನಿಗೆ ತಾನೆಲ್ಲಿ ಕೈಬಿಟ್ಟೆ ಎಂಬುದು ತಿಳಿಯುವುದಾದರೂ ಹೇಗೆ?

*

ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ (2025ರ ಮೇ ತಿಂಗಳಲ್ಲಿ ತೀರಿಕೊಂಡರು) ಹಸ್ತಾಕ್ಷರ ಕೇಳಿದ ಮಕ್ಕಳಿಗೆ, ಒಂದು ಪೋಸ್ಟ್‌ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸಿ, ಉತ್ತರದ ಕೆಳಗೆ ಸಹಿ ಇರುತ್ತದೆ ಎನ್ನುತ್ತಿದ್ದರಂತೆ. 1988ರಲ್ಲಿ ಪುಣೆಯ ಖಗೋಳವಿಜ್ಞಾನ ಸಂಸ್ಥೆ ಐಯುಕಾ ಕಟ್ಟಿದವರು, ಹೊಸ ಸಂಸ್ಥೆಯ ನೂರೆಂಟು ಕೆಲಸದ ನಡುವೆ ಕಾರ್ಡಿಗೆ ಉತ್ತರ ಬರೆಯುತ್ತಿದ್ದರು! ಪ್ರಶ್ನೆ ಮೊದಲು, ವಿವರಣೆ ಆಮೇಲೆ. ನಾನು ಕೂತು ಕೇಳಿದ ಹೆಚ್ಚಿನ ಉಪನ್ಯಾಸಗಳು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಲೇ ಶುರುವಾಗುತ್ತವೆ.

*

2016ರ ಫೆಬ್ರವರಿ 11ರಂದು, ಕಪ್ಪುಕುಳಿಗಳ ಢಿಕ್ಕಿಯಿಂದ ಹೊರಟ ಗುರುತ್ವದ ಅಲೆ ಸಿಕ್ಕ ಸುದ್ದಿ ಬಂದಾಗ ವಿಜ್ಞಾನಿಗಳು ಜಗತ್ತಿಗೆಲ್ಲ ಒಂದು ಸದ್ದು ಕೇಳಿಸಿದರು, ಕೆಳಗಿನಿಂದ ಮೇಲಕ್ಕೆ ಜಾರುವ ಕಿರು ಚಿಲಿಪಿಲಿ. ಅಲೆಯ ಕಂಪನಾಂಕ ನಮ್ಮ ಕಿವಿಯ ವ್ಯಾಪ್ತಿಯಲ್ಲೇ ಇದ್ದದ್ದರಿಂದ ಅದನ್ನು ಸ್ಪೀಕರಿಗೆ ಕೊಡಲು ಆಯಿತು. ಆದರೆ ಕೇಳಿದವರಲ್ಲಿ ಹಲವರು, ಕಪ್ಪುಕುಳಿಗಳು ಢಿಕ್ಕಿಯಾದ ಸದ್ದೇ ಆಕಾಶದಿಂದ ಬಂತು ಅಂದುಕೊಂಡರು. "ಇದು ಸದ್ದಲ್ಲ, ಸದ್ದಾಗಿ ಬದಲಿಸಿದ್ದು" ಎನ್ನಲು ಎಷ್ಟು ಹೊತ್ತು ಬೇಕು? ಆ ಒಂದು ವಾಕ್ಯವನ್ನು ಬಿಡಬಾರದು ಅಂತ ನನ್ನ ಹಟ.

*

ಮತ್ತೆ ಖೋಡದ್. ಒಬ್ಬ ರೈತ: "ನಮ್ಮ ಪಂಪ್‌ಸೆಟ್ಟಿನ ಕಿಡಿಯೂ ಇದರಲ್ಲಿ ಕೇಳುತ್ತದೆ ಅಂತೀರಿ. ಹಾಗಾದರೆ ನಿಮಗೆ ಸಿಕ್ಕಿದ್ದು ನಕ್ಷತ್ರದ್ದೇ ಅಂತ ಹೇಗೆ ಗೊತ್ತು?"

ಸೆಮಿನಾರಿನಲ್ಲೂ ಕೊನೆಗೆ ಎದ್ದ ಪ್ರಶ್ನೆ ಇದೇ! ಅಲ್ಲಿ ಹುಡುಗ ಕೊಟ್ಟ ಉತ್ತರ ಬೇರೆ: ಪಲ್ಸಾರ್ ಎಂಬ ನಕ್ಷತ್ರದ ರೇಡಿಯೊ ಮಿಡಿತ ನಕ್ಷತ್ರಗಳ ನಡುವಿನ ಇಲೆಕ್ಟ್ರಾನುಗಳನ್ನು ಹಾದು ಬರುವಾಗ ಕಡಿಮೆ ಆವರ್ತನದ್ದು ತಡವಾಗಿ ತಲಪುತ್ತದೆ, ಪಕ್ಕದ ಹೊಲದ ಕಿಡಿಗೆ ಆ ತಡ ಇರುವುದಿಲ್ಲ. ರೈತನಿಗೆ ಹೇಳಿದ್ದು: ನಕ್ಷತ್ರ ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಹುಟ್ಟುತ್ತದೆ. ನಮ್ಮ ಸಂಕೇತವೂ ಹಾಗೆಯೇ ದಿನದಿನಕ್ಕೆ ಮುಂಚೆ ಸರಿಯುತ್ತದೆ; ಪಂಪು ಹಾಗೆ ನಕ್ಷತ್ರದ ಜೊತೆ ಸರಿಯುವುದಿಲ್ಲ. ರೈತ, "ಹೌದು, ಕರೆಂಟು ಬಂದಾಗ ಪಂಪು" ಎಂದ.

ಇದು ಹಳ್ಳಿಯವರಿಗಾಗಿ ತೆಳುಮಾಡಿದ ಉತ್ತರವೇನಲ್ಲ. ರೇಡಿಯೊ ಎಂಜಿನಿಯರ್ ಕಾರ್ಲ್ ಜಾನ್‌ಸ್ಕಿ 1930ರ ದಶಕದ ಆರಂಭದಲ್ಲಿ ತನ್ನ ಆಂಟೆನಾದ ಸುಯ್ಯೆನ್ನುವ ಸದ್ದು ಸೂರ್ಯನದಲ್ಲ, ಆಕಾಶಗಂಗೆಯದು ಎಂದು ಕಂಡುಕೊಂಡದ್ದು ಈ ನಾಲ್ಕು ನಿಮಿಷದಿಂದಲೇ. ಸೆಮಿನಾರಿನಲ್ಲಿ ಹುಡುಗ ಇದನ್ನೂ ಯಾಕೆ ಹೇಳಲಿಲ್ಲ? ಮುಂದಿನ ಸಲ ಸಿಕ್ಕಾಗ ಕೇಳಬೇಕು.