ಹೆಂಚಿನಡಿಯ ನಾಲ್ಕು ರಾತ್ರಿಗಳು

ಕಳೆದ ಬೇಸಿಗೆಯ ರಜೆಯಲ್ಲಿ ಮಕ್ಕಳಿಗೆ ಬೆಂಗಳೂರು ತೋರಿಸಲೆಂದು ರಟ್ಟೀಹಳ್ಳಿಯಿಂದ ಹೊರಟೆವು. ನಾನು, ಮಡದಿ, ಇಬ್ಬರು ಮಕ್ಕಳು ಮತ್ತು ಅವ್ವ. ಅವ್ವನಿಗೆ ಬರಲು ಮನಸ್ಸಿರಲಿಲ್ಲ. ಕಾರಣವನ್ನು ಆಕೆ ಹೇಳಲಿಲ್ಲ, ನನಗೆ ತಿಳಿದಿತ್ತು. ಊರಿಗೆ ಮರಳಿದ ಕೂಡಲೇ ನಮ್ಮ ಹಳೆಯ ಹೆಂಚಿನ ಮನೆಯನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವುದೆಂದು ನಾನೂ ತಮ್ಮನೂ ನಿಶ್ಚಯಿಸಿದ್ದೆವು. ಗೌಂಡಿಗೆ ಮುಂಗಡವನ್ನೂ ಕೊಟ್ಟಾಗಿತ್ತು. ಅವ್ವನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಐವರಿಗೆ ಲಾಡ್ಜಿನ ಕೋಣೆಗಳು ಇಕ್ಕಟ್ಟೆನಿಸಿ, ಪರಿಚಿತರೊಬ್ಬರ ಸಲಹೆಯಂತೆ ಫ್ರೇಜರ್ ಟೌನಿನಲ್ಲಿ ದಿನಬಾಡಿಗೆಗೆ ದೊರೆಯುವ ಒಂದು ಹಳೆಯ ಬಂಗಲೆಯ ಮುಂಭಾಗವನ್ನು ನಾಲ್ಕು ರಾತ್ರಿಗಳಿಗೆ ಹಿಡಿದೆವು. ಹಿಂಭಾಗದಲ್ಲಿ ಮನೆಯೊಡತಿ, ವಯೋವೃದ್ಧೆ, ಒಬ್ಬರೇ ವಾಸವಾಗಿದ್ದರು.

ಆ ಬಡಾವಣೆ ಹುಟ್ಟಿದ್ದು ಭಯದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದೆರಗಿದಾಗ ಕಿಕ್ಕಿರಿದ ಓಣಿಗಳಲ್ಲಿ ಸಾವು ಮನೆಯಿಂದ ಮನೆಗೆ ಹಬ್ಬಿತು. ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡದ್ದು ಆ ಕಾಲದಲ್ಲಿಯೇ. ದಂಡುಪ್ರದೇಶದ ಜನರಿಗೂ ಗಾಳಿ ಬೆಳಕು ದೊರೆಯಲೆಂದು 1906ರಲ್ಲಿ ಫ್ರೇಜರ್ ಟೌನಿಗೆ ಅಡಿಗಲ್ಲನ್ನಿಟ್ಟರು. ನಾವಿದ್ದ ಮನೆಯಲ್ಲಿ ಆ ಗಾಳಿ ಬೆಳಕುಗಳಿಗೆ ಕೊರತೆಯಿರಲಿಲ್ಲ. ಕಿಟಕಿಗಳ ಮೇಲೆ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ಚೂಪಾದ ಮುಂಚಾಚು. ಅದಕ್ಕೆ ‘ಮಂಕಿ ಟಾಪ್’ ಎಂದು ಹೆಸರು. ಅದು ಬಿಸಿಲು ಮಳೆಗಳನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತಿತ್ತು. ಕಾಲಿಗೆ ತಂಪೆರೆಯುವ ಕೆಂಪು ನೆಲದ ಮೇಲೆಯೇ ಮಕ್ಕಳು ಮಲಗಿದರು.

ಎರಡನೆಯ ರಾತ್ರಿ ಮಳೆ ಸುರಿದು ಹಜಾರದಲ್ಲಿ ಸೋರತೊಡಗಿತು. ಮನೆಯೊಡತಿ ನಗುತ್ತಲೇ ಬಕೆಟ್ ತಂದಿಟ್ಟರು. ಬೆಳಿಗ್ಗೆ ಆಳು ಒಡೆದ ಹೆಂಚನ್ನು ಇಳಿಸಿದಾಗ ಅದರ ಬೆನ್ನ ಮೇಲೆ ಬಾಸೆಲ್ ಮಿಷನ್ ಎಂಬ ಅಕ್ಷರಗಳು ಕಂಡವು. 1865ರಲ್ಲಿ ಆ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕರಾವಳಿಯ ಜೇಡಿಮಣ್ಣು ಹೀಗೆ ದೂರದೂರದ ಮನೆಗಳ ಮಾಡನ್ನೇರಿತ್ತು.

ಅವ್ವ ಹೆಂಚನ್ನು ಮಡಿಲಲ್ಲಿಟ್ಟುಕೊಂಡು ಕೈಯಾಡಿಸಿ, “ಇಂಥಾವ ಹಂಚು ನಮ್ಮ ಮನಿ ಮ್ಯಾಲೂ ಅದಾವ್ರೀ” ಎಂದಳು.

“ಮಕ್ಕಳು ಹೊರದೇಶದಲ್ಲಿದ್ದಾರೆ. ಮಾರಿಬಿಡು ಎನ್ನುತ್ತಾರೆ” ಎಂದರು ಮನೆಯೊಡತಿ. “ನಿಮ್ಮಂಥವರು ಕೊಡುವ ಬಾಡಿಗೆಯಿಂದಲೇ ವರ್ಷವರ್ಷವೂ ಮಾಡು ಸರಿಮಾಡಿಸುತ್ತೇನೆ. ಮನೆಯಲ್ಲಿ ನಾಲ್ಕು ಜನರ ಮಾತು ಕೇಳಿಸುತ್ತದೆ, ಅಷ್ಟು ಸಾಕು. ನಿಮ್ಮ ಮನೆ ಚೆನ್ನಾಗಿದೆಯೇ?”

ಅವ್ವ ಒಮ್ಮೆ ನನ್ನತ್ತ ನೋಡಿದಳು. “ಇನ್ನೂ ಐತ್ರಿ” ಎಂದಳು.

ಆ ಎರಡು ಮಾತು ನನ್ನನ್ನು ಚುಚ್ಚಿದವು. ಇಲ್ಲಿ ದಿನಕ್ಕಿಷ್ಟೆಂದು ಹಣ ತೆತ್ತು, ತಂಪಾಗಿದೆ, ಚೆಂದವಾಗಿದೆ ಎಂದು ಕೊಂಡಾಡುತ್ತಿದ್ದ ನಾನು, ಅಂಥದೇ ಒಂದನ್ನು ಊರಿನಲ್ಲಿ ಕೆಡವಲು ಮುಂಗಡ ಕೊಟ್ಟು ಬಂದಿದ್ದೆ. ಆದರೆ ನನ್ನ ನಿಜವಾದ ತಪ್ಪು ಅದಾಗಿರಲಿಲ್ಲ. ಅಪರಿಚಿತರಾದ ಆ ಹಿರಿಯರು ಕೇಳಿದ ಪ್ರಶ್ನೆಯನ್ನು ಹೆತ್ತ ಮಗನಾದ ನಾನು ಕೇಳಿರಲಿಲ್ಲ.

ಮರಳುವಾಗ ರಾಣೆಬೆನ್ನೂರಿನಲ್ಲಿ ರೈಲಿಳಿದು ಬಸ್ಸಿಗೆ ಕಾಯುತ್ತಿದ್ದಾಗ ಕೇಳಿದೆ: “ಅವ್ವಾ, ಮನಿ ಏನ್ ಮಾಡೂಣು?”

ಆಕೆ ಅಳಲಿಲ್ಲ, ಸಿಟ್ಟಾಗಲಿಲ್ಲ. ಉತ್ತರ ಎಂದಿನಿಂದಲೋ ಸಿದ್ಧವಾಗಿತ್ತು. “ಹಿಂದಿನ ಗ್ವಾಡಿ ಬಿರಕ ಬಿಟ್ಟೈತಿ, ಇಲಿ ಕಾಟ ಭಾಳ ಐತಿ. ಅಡಗಿಮನಿ, ಬಚ್ಚಲ ಕೆಡವಿ ಹೊಸಾದು ಕಟ್ಟಸು. ಪಡಸಾಲಿ ಗಟ್ಟಿ ಐತಿ, ಅದು ಇರ್ಲಿ.”

ನಾವು ಗೌಂಡಿಯೊಡನೆ ವಾರಗಟ್ಟಲೆ ಕುಳಿತು ಲೆಕ್ಕ ಹಾಕಿದ್ದಕ್ಕಿಂತ ಅದು ಮೇಲಾದ ಯೋಜನೆಯಾಗಿತ್ತು. ಖರ್ಚೂ ಅರ್ಧಕ್ಕಿಳಿಯಿತು.

ಈಗ ನಮ್ಮ ಮನೆಯ ಹಿಂಭಾಗ ಸಿಮೆಂಟಿನದು, ಮುಂಭಾಗ ಹೆಂಚಿನದು. ನೋಡಿದವರು ನಗುವುದೂ ಉಂಟು. ಹಳೆಯದೆಲ್ಲ ಉಳಿಯಲೇಬೇಕೆಂದು ನಾನು ಹೇಳಲಾರೆ. ಸೋರುವ ಮಾಡಿನ ಕಷ್ಟವನ್ನು ಬಲ್ಲೆ. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಕೆಡವುವ, ಕಟ್ಟುವ ಮಾತು ನಡೆದಿದ್ದರೆ, ಗೌಂಡಿಯನ್ನು ಕರೆಯುವ ಮೊದಲು ಪಡಸಾಲೆಯಲ್ಲಿ ಕುಳಿತವರನ್ನು ಒಂದು ಮಾತು ಕೇಳಿರಿ.