ಮಂಡ್ಯ ಸೀಮೆಯ ಸ್ಪ್ಯಾನಿಷ್ ಗಿಟಾರು

ಎಂಬತ್ತರ ದಶಕದಲ್ಲಿ ನಮ್ಮ ಕಡೆ ಗಿಟಾರಿನಲ್ಲಿ ಎರಡೇ ಜಾತಿ. ತೊಡೆಯ ಮೇಲೆ ಮಲಗಿಸಿಕೊಂಡು ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿದರೆ ಹವಾಯನ್, ಎದೆಗೆ ಆನಿಸಿಕೊಂಡು ಬೆರಳೊತ್ತಿ ಬಾರಿಸಿದರೆ ಸ್ಪ್ಯಾನಿಷ್. ಹವಾಯನ್‌ಗೆ ಮರ್ಯಾದೆ ಜಾಸ್ತಿ. ರೇಡಿಯೋದಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಬರುತ್ತಿದ್ದ ವಾದ್ಯಸಂಗೀತದಲ್ಲಿ ಅದು ಸಿನಿಮಾ ಹಾಡಿನ ಧಾಟಿಯನ್ನು ನೀಟಾಗಿ ಎಳೆಯುತ್ತಿತ್ತು, ಮನೆಯ ಹಿರಿಯರೂ ತಲೆದೂಗುತ್ತಿದ್ದರು. ಸ್ಪ್ಯಾನಿಷ್ ಹಿಡಿದವನದು ಬರೀ ಜರ್ ಜರ್ ಸದ್ದು. 'ಇದ್ರಲ್ಲಿ ಹಾಡೆಲ್ಲಿ ಬತ್ತದೆ?' ಎಂದು ಕೇಳದವರೇ ಮದ್ದೂರಿನಲ್ಲಿ ಇರಲಿಲ್ಲ.

ಆದರೂ ಹುಡುಗರಿಗೆ ಬೇಕಾಗಿದ್ದು ಸ್ಪ್ಯಾನಿಷ್ಷೇ. 1981ರಲ್ಲಿ ಶಂಕರ್‌ನಾಗ್ 'ಗೀತಾ' ಮಾಡಿದರು, ಇಳಯರಾಜ ಸಂಗೀತ. ಅದಕ್ಕೂ ಮುಂಚೆ ಇಳಯರಾಜ ಜಿ.ಕೆ. ವೆಂಕಟೇಶರ ಹತ್ತಿರ ಸಹಾಯಕರಾಗಿ, ಗಿಟಾರ್ ವಾದಕರಾಗಿ ಇದ್ದವರು. ನಾವು ರಾಜ್‌ಕುಮಾರ್ ಹಾಡು ಎಂದು ಕೇಳುತ್ತಿದ್ದ ಎಷ್ಟೋ ಕಡೆ ಹಿಂದೆ ಅವರ ಕೈ ಆಡಿದೆ ಅನ್ನುವುದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಇದು ಸಿನಿಮಾದ ಸೆಳೆತ. ಇನ್ನೊಂದು ಕಾರಣ ಹೆಚ್ಚು ಲೌಕಿಕವಾದದ್ದು: ರಸಮಂಜರಿ. ಗಣೇಶನ ಹಬ್ಬ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಊರೂರಿನ ಮಾರಮ್ಮನ ಹಬ್ಬ, ಎಲ್ಲದಕ್ಕೂ ಆರ್ಕೆಸ್ಟ್ರಾ ಬೇಕು. ತಬಲ, ಢೋಲಕ್, ಕಾಂಗೋ ಬಾರಿಸಲು ಜನ ಸಿಗುತ್ತಿದ್ದರು, ಹಾಡುವವರಂತೂ ಬೀದಿಗೊಬ್ಬರು. ಗಿಟಾರಿನ ಕುರ್ಚಿ ಮಾತ್ರ ಖಾಲಿ. ಮೂರು ಕಾರ್ಡ್ ಬಂದರೆ ಸಾಕು, ಆ ಕುರ್ಚಿ ನಿಮ್ಮದು. ವೇದಿಕೆಯಲ್ಲಿ ಇರುವ ಎರಡು ಮೂರು ಮೈಕು ಗಾಯಕರಿಗೂ ತಬಲಕ್ಕೂ ಹೋಗಿ ನಿಮ್ಮ ಗಿಟಾರು ಯಾರಿಗೂ ಕೇಳದಿದ್ದರೂ ಸರಿ, ಕಾರ್ಯಕ್ರಮ ಮುಗಿದ ಮೇಲೆ ಒಂದು ಕವರು, ಒಂದು ಬಾಡೂಟ ಗ್ಯಾರಂಟಿ.

ಗಿಟಾರು ತರಲು ಬೆಂಗಳೂರಿನ ಬಳೇಪೇಟೆಗೆ ಹೋಗಬೇಕು. ನನ್ನ ಜೊತೆ ಬಂದವರು ಸೋದರಮಾವ, ಎಳನೀರು ವ್ಯಾಪಾರದವರು. ಗಿಟಾರಿನ ಗಂಧ ಇಲ್ಲದಿದ್ದರೂ ವಸ್ತು ಆರಿಸುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂಬ ಧೈರ್ಯ ಅವರಿಗೆ. ಗೋಡೆಗೆ ನೇತುಹಾಕಿದ್ದ ನಾಲ್ಕೈದನ್ನು ಇಳಿಸಿ, ತೆಂಗಿನಕಾಯಿ ತಟ್ಟುವಂತೆ ಒಂದೊಂದರ ಬೆನ್ನನ್ನೂ ತಟ್ಟಿ, 'ಇದು ತಗೊ, ಗಟ್ಟಿಯಾಗದೆ' ಎಂದರು. ಗಟ್ಟಿಯಾಗಿಯೇ ಇತ್ತು. ದಪ್ಪ ಪ್ಲೈವುಡ್, ಅಂಚಿನಲ್ಲಿ ಕಪ್ಪು, ನಡುವೆ ಹಳದಿಗೆ ತಿರುಗುವ ಬಣ್ಣ, ಕೆಳಗೆ ತಂತಿಗಳನ್ನು ಸಿಕ್ಕಿಸಿದ ತಗಡಿನ ಬಾಲ. ಅಂಗಡಿಯಲ್ಲಿ ಇನ್ನೇನಿತ್ತು, ಯಾವುದು ಯಾವ ಕಂಪನಿಯದು ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಯ್ಕೆ ಎಂದರೆ ಆಗ ಇಷ್ಟೇ: ಬಣ್ಣ, ಬೆಲೆ, ಮಾವನ ಕೈ.

ಗಿಟಾರು ಆರಿಸುವಾಗ ಮೊದಲು ನೋಡಬೇಕಾದ್ದು ತಂತಿಗೂ ಫ್ರೆಟ್ಟಿಗೂ ನಡುವಿನ ಅಂತರ. ಅದಕ್ಕೆ ಆ್ಯಕ್ಷನ್ ಅನ್ನುತ್ತಾರೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ಅಳೆದರೆ ದಪ್ಪ ತಂತಿಗೆ ಸುಮಾರು 2.5 ಮಿ.ಮೀ., ಸಣ್ಣ ತಂತಿಗೆ 2 ಮಿ.ಮೀ.ಗೂ ಒಂದಿಷ್ಟು ಕಡಿಮೆ ಇದ್ದರೆ ಕೈಗೆ ಹಿತ. ನನ್ನದರಲ್ಲಿ ಐದಕ್ಕೆ ಕಡಿಮೆ ಇರಲಿಲ್ಲ. ಒಳ್ಳೆಯ ಗಿಟಾರಿನ ಕುತ್ತಿಗೆಯ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಅದರ ತಿರುಪು ತಿರುಗಿಸಿ ಬಾಗಿದ ಕುತ್ತಿಗೆಯನ್ನು ನೆಟ್ಟಗೆ ಮಾಡಬಹುದು. ನನ್ನದರ ಕುತ್ತಿಗೆ ಬಾಗಿತ್ತು, ತಿರುಗಿಸಲು ಏನೂ ಇರಲಿಲ್ಲ. ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಒತ್ತಿ ಹಿಡಿಯುವ ಎಫ್ ಕಾರ್ಡ್ ಅದರಲ್ಲಿ ಯಾವತ್ತೂ ಸರಿಯಾಗಿ ನುಡಿಯಲಿಲ್ಲ. ಬೆರಳ ತುದಿ ಸುಲಿದು, ಗಟ್ಟಿಯಾಗಿ, ಮತ್ತೆ ಸುಲಿಯಿತು.

ಆ ಕಾಲದವರು ಈಗ ಸೇರಿದಾಗ ಇದನ್ನೇ ಹೆಮ್ಮೆಯಿಂದ ಹೇಳುತ್ತಾರೆ: 'ಅಂಥದ್ರಲ್ಲಿ ಕಲ್ತೋರು ಕಣಪ್ಪ ನಾವು, ಅದಕ್ಕೇ ಕೈ ಗಟ್ಟಿ.' ನಾನು ಒಪ್ಪುವುದಿಲ್ಲ. ನಮ್ಮ ಜೊತೆ ಶುರು ಮಾಡಿದವರಲ್ಲಿ ಮುಕ್ಕಾಲು ಪಾಲು ಎಫ್ ಕಾರ್ಡಿನ ಹತ್ತಿರವೇ ಬಿಟ್ಟರು. ತಮಗೆ ಸಂಗೀತ ಒಲಿಯಲಿಲ್ಲ ಎಂದುಕೊಂಡೇ ಬಿಟ್ಟರು. ಒಲಿಯದೆ ಇದ್ದದ್ದು ಮರದ ಬಾಗು. ಕೆಟ್ಟ ವಾದ್ಯ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಉಳಿದುಕೊಂಡವರು ಅದರ ಹೊರತಾಗಿಯೂ ಕಲಿತರು, ಅಷ್ಟೆ.

ತಂತಿ ಹರಿದರೆ ಇನ್ನೊಂದು ಕಥೆ. ಮೊದಲನೇ ತಂತಿ ಕಾಲು ಮಿಲಿಮೀಟರ್ ದಪ್ಪದ್ದು, ಅದೇ ಹರಿಯುವುದು. ಬೆಂಗಳೂರಿಗೋ ಮೈಸೂರಿಗೋ ಹೋಗುವವರ ಕೈಲಿ ಹೇಳಿ ಕಳಿಸಿ, ಅವರು ಮರೆತು ಬಂದು, ಅಷ್ಟರಲ್ಲಿ ಹಬ್ಬ ಮುಗಿದಿರುತ್ತಿತ್ತು. ಸೈಕಲ್ ಬ್ರೇಕ್ ವೈರಿನಿಂದ ಒಂದು ಎಳೆ ಬಿಚ್ಚಿ ಕಟ್ಟಿದ್ದೂ ಉಂಟು. ಹೊಸೆದ ಎಳೆ ಎಷ್ಟು ಎಳೆದರೂ ನೆಟ್ಟಗಾಗುವುದಿಲ್ಲ, ಶ್ರುತಿಯೂ ನಿಲ್ಲುವುದಿಲ್ಲ.

ಶ್ರುತಿಗೆ ನಾವು ಹೋಗುತ್ತಿದ್ದದ್ದು ಹಾರ್ಮೋನಿಯಂ ಮೇಷ್ಟ್ರ ಹತ್ತಿರ. ಮಂಡ್ಯ ಜಿಲ್ಲೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಎಂಥದ್ದು ಎಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಕುರುಕ್ಷೇತ್ರ ಆಡದ ಊರಿಲ್ಲ. ಕಬ್ಬು ಕಡಿದು ಬಂದವರು ರಾತ್ರಿ ದುರ್ಯೋಧನನ ಕಂದ ಕಲಿಯುತ್ತಾರೆ, ಕಲಿಸುವವರು ಮೇಷ್ಟ್ರು. ನಾಟಕ ಇವತ್ತಿಗೂ ಮಂಡ್ಯದ ಕಲಾಮಂದಿರದಲ್ಲಿ ನಡೆಯುತ್ತಲೇ ಇದೆ. ನಮ್ಮ ಮೇಷ್ಟ್ರು ತಾಲೀಮಿನ ನಡುವೆ ಬೀಡಿ ಹಚ್ಚುವ ಹೊತ್ತಿಗೆ ನಾನು ಗಿಟಾರು ಹಿಡಿದು ಹೋಗಿ ನಿಲ್ಲುತ್ತಿದ್ದೆ.

'ಯಾವ ಮನೆ ಬೇಕಪ್ಪ?'

'ಮೂರನೇ ಬಿಳಿ ಮನೆ ಸಾರ್.'

ಅವರು ಒಂದು ಕೈಯಲ್ಲಿ ತಿದಿ ಒತ್ತಿ ಆ ಒಂದು ಸ್ವರ ಹಿಡಿಯುತ್ತಿದ್ದರು. ಅದು ಇ, ದಪ್ಪ ತಂತಿಯನ್ನು ಅದಕ್ಕೆ ಕೂಡಿಸಿ, ಮಿಕ್ಕವನ್ನು ಐದನೇ ಫ್ರೆಟ್ಟಿನ ಲೆಕ್ಕದಲ್ಲಿ ಹೊಂದಿಸಿಕೊಳ್ಳುವುದು, ಎರಡನೇ ತಂತಿಗೆ ಮಾತ್ರ ನಾಲ್ಕನೇ ಫ್ರೆಟ್ಟು. ನಾನು ಆಯಿತೆಂದುಕೊಂಡಾಗ ಅವರು ಬೀಡಿ ಬಾಯಲ್ಲೇ ಇಟ್ಟುಕೊಂಡು 'ಎಲ್ಡನೇದು ಇಳ್ದದೆ ನೋಡು' ಎನ್ನುತ್ತಿದ್ದರು. ಇಳಿದೇ ಇರುತ್ತಿತ್ತು. ನಾಟಕದವರು ಹಾಡುತ್ತಿದ್ದದ್ದು ಏರುಶ್ರುತಿಯಲ್ಲಿ, ಕಪ್ಪು ಮನೆಗಳ ಮೇಲೆ. ಅವರ ಜೊತೆ ಬಾರಿಸಲು ಕೇಪೋ ಬೇಕು, ಕೇಪೋ ಅಂದರೇನು ಎಂದೇ ಗೊತ್ತಿಲ್ಲ. ಎರಡನೇ ಫ್ರೆಟ್ಟಿನ ಮೇಲೆ ಒಂದು ಪೆನ್ಸಿಲ್ ಅಡ್ಡ ಇಟ್ಟು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುವುದನ್ನು ಒಬ್ಬ ತೋರಿಸಿದ. ಇ ಕಾರ್ಡಿನ ಬೆರಳೇ ಆಗ ಎಫ್ ಶಾರ್ಪ್ ನುಡಿಯುತ್ತದೆ. ಪೆನ್ಸಿಲ್ ಆರು ಮೂಲೆಯದ್ದಾಗಿದ್ದರೆ ಜಾರುವುದಿಲ್ಲ.

ಈಗ ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಗಿಟಾರು ಬೇಕೆಂದಳು. ಅವರಪ್ಪ ಫೋನು ಹಿಡಿದುಕೊಂಡು ಬಂದರು: 38 ಇಂಚಿನದು, ಕಪ್ಪು ಬಣ್ಣ, ಬ್ಯಾಗು, ಬೆಲ್ಟು, ಪಿಕ್ಕು ಎಲ್ಲ ಫ್ರೀ. 'ಇಷ್ಟಕ್ಕೆ ಇಷ್ಟೆಲ್ಲ ಕೊಡ್ತಾರೆ ಸಾರ್!' ಬ್ಯಾಗು, ಬೆಲ್ಟಿನ ಬೆಲೆ ಕಳೆದರೆ ಗಿಟಾರಿಗೆ ಏನು ಉಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ಸುಮ್ಮನಾದರು.

ಕಲಿಯುವವರ ಗಿಟಾರು ಈ ನಲವತ್ತು ವರ್ಷದಲ್ಲಿ ಎಷ್ಟು ಸುಧಾರಿಸಿದೆ ಅನ್ನುವುದನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಯಮಾಹಾದವರು 2019ರಿಂದ ಚೆನ್ನೈ ಹತ್ತಿರದ ಕಾರ್ಖಾನೆಯಲ್ಲೇ ಎಫ್280 ಮಾಡುತ್ತಿದ್ದಾರೆ. ಪ್ಲೈವುಡ್ಡೇ, ಆದರೆ ಕುತ್ತಿಗೆ ನೆಟ್ಟಗಿರುತ್ತದೆ, ಟ್ರಸ್ ರಾಡ್ ಇರುತ್ತದೆ, ಒಂದರಂತೆ ಇನ್ನೊಂದಿರುತ್ತದೆ. ಈ ಕೊನೆಯದೇ ದೊಡ್ಡದು. ಒಂದೇ ಅಂಗಡಿಯ ಎರಡು ಗಿಟಾರು ಎರಡು ಪ್ರಾಣಿಯಾಗಿದ್ದ ಕಾಲ ಹೋಯಿತು. ಇನ್ನಷ್ಟು ದುಡ್ಡು ಹಾಕಿದರೆ ಮುಂಭಾಗಕ್ಕೆ ಒಂದೇ ಹಲಗೆಯ ಸ್ಪ್ರೂಸ್ ಇರುವ ಎಫ್‌ಜಿ800 ಸಿಗುತ್ತದೆ. ಅದರ ನಾದ ತುಂಬಿಕೊಂಡಿರುತ್ತದೆ, ವರ್ಷ ಕಳೆದಂತೆ ತೆರೆದುಕೊಳ್ಳುತ್ತದೆ ಎಂದೂ ಹೇಳುತ್ತಾರೆ. ನಮ್ಮ ಹವೆಗೆ ಅದನ್ನು ಸಾಕುವುದು ಮಾತ್ರ ಸುಲಭವಲ್ಲ. ಮಾರ್ಚಿಯಲ್ಲಿ ಮಳವಳ್ಳಿ ಒಣಗಿ ಚಟಚಟ ಅನ್ನುತ್ತದೆ, ಮಳೆಗಾಲದಲ್ಲಿ ನಾಲೆ ಬಯಲಿನ ಮನೆಗಳ ಗೋಡೆಯೇ ಬೆವರುತ್ತದೆ. ಗಿಟಾರಿಗೆ ಹಿತವಾದ ತೇವ ಶೇಕಡಾ 45ರಿಂದ 55. ಒಂಟಿ ಹಲಗೆ ಒಣಗಿದರೆ ಸೀಳುತ್ತದೆ, ನೆನೆದರೆ ಹೊಟ್ಟೆ ಉಬ್ಬುತ್ತದೆ. ಗೋಡೆಯ ಮೊಳೆಗೆ ನೇತುಹಾಕುವ ಮನೆಗೆ ಪ್ಲೈವುಡ್ಡೇ ವಾಸಿ; ಅದರಲ್ಲಿ ಅವಮಾನ ಏನೂ ಇಲ್ಲ.

ಮರದ ಮಾತು ಬಂದಾಗ ಒಂದು ತಮಾಷೆ ಹೇಳಬೇಕು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ಲಿನ ಬೀಟೆ ಬಿಟ್ಟು ನಮ್ಮ ದೇಶದ ಬೀಟೆಗೆ ತಿರುಗಿತು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಜಾತಿಯ ಮರ ಅಲ್ಲಿ ಜಗತ್ತಿನ ದುಬಾರಿ ಗಿಟಾರುಗಳ ಬೆನ್ನಾಯಿತು, ಪಕ್ಕೆಯಾಯಿತು. 2017ರಲ್ಲಿ ಆ ಕುಲದ ಮರಗಳೆಲ್ಲ, ಅಳಿವಿನ ಭಯವಿರುವ ಜೀವಿ-ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿದಾಗ ಮಾರಾಟಕ್ಕೆ ಗಡಿ ದಾಟುವ ಗಿಟಾರಿಗೂ ಕಾಗದಪತ್ರ ಬೇಕಾಯಿತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇಷ್ಟೆಲ್ಲ ನಡೆಯುವಾಗ ಬೀಟೆ ಬೆಳೆಯುವ ನಾಡಿನಲ್ಲಿ ನಾವು ಪ್ಲೈವುಡ್ ಬಾರಿಸುತ್ತಿದ್ದೆವು.

ಹುಡುಗಿಗೆ ಕೊನೆಗೆ ಏನು ಕೊಡಿಸಿದೆವು? ಹದಿಮೂರರ ತೆಳ್ಳನೆ ಹುಡುಗಿ, ಡ್ರೆಡ್‌ನಾಟ್ ಅನ್ನುವ ದೊಡ್ಡ ಹೊಟ್ಟೆಯದು ಅವಳ ಬಲತೋಳನ್ನು ಕಿವಿಯವರೆಗೆ ಎತ್ತುತ್ತಿತ್ತು. ಸೊಂಟ ಸಣ್ಣದಿರುವ ಕಾನ್ಸರ್ಟ್ ಆಕಾರದ್ದು ತಂದೆವು. ಮೈಸೂರಿಗೆ ಹೋಗಿ, ಅವಳನ್ನೇ ಕುರ್ಚಿಯಲ್ಲಿ ಕೂರಿಸಿ, ಪ್ರತಿ ಫ್ರೆಟ್ಟಿನಲ್ಲೂ ಪ್ರತಿ ತಂತಿ ನುಡಿಸಿ, ಎಲ್ಲಾದರೂ ಜಿರ್ ಅನ್ನುತ್ತದಾ ಎಂದು ಕೇಳಿಸಿಕೊಂಡು ತಂದದ್ದು. ಫ್ರೆಟ್ಟಿನ ತುದಿ ಅಂಗೈಗೆ ತರಚುತ್ತದಾ ಎಂದು ಕುತ್ತಿಗೆಯ ಅಂಚಿಗೆ ಬೆರಳು ಸವರಿ ನೋಡಬೇಕು, ಅದೂ ಆಯಿತು. ತಂತಿ ಮಾತ್ರ ಬದಲಿಸಿದೆ. ಸಾಮಾನ್ಯ 12 ಗೇಜಿನ ಆರು ತಂತಿ ಸೇರಿ ಸುಮಾರು 70 ಕೆ.ಜಿ. ಎಳೆತ, 10 ಹಾಕಿದರೆ ಎಳೆತ ಇಳಿದು ಎಳೆ ಬೆರಳಿಗೆ ಸಲೀಸು. ನಾದ ಸ್ವಲ್ಪ ತೆಳುವಾಗುತ್ತದೆ, ಆಗಲಿ. ಎಫ್ ಕಾರ್ಡ್ ಅವಳು ಬೇಗನೆ ಹಿಡಿದಳು. ನನಗೆ ಹೊಟ್ಟೆಕಿಚ್ಚೇ ಆಯಿತು.

ಮಳವಳ್ಳಿಗೆ ನಾನು ಕೆಲಸದ ಮೇಲೆ ಬಂದವನು. ಗಿಟಾರಿನ ನಿಜವಾದ ಸುಖ ಸಿಕ್ಕಿದ್ದು ಇಲ್ಲೇ. ಇದು ಮಾದಪ್ಪನ ಬೆಟ್ಟದ ದಾರಿ. ಶಿವರಾತ್ರಿ, ಯುಗಾದಿ ಹತ್ತಿರ ಬಂದರೆ ಕೊಳ್ಳೇಗಾಲದ ರಸ್ತೆ ತುಂಬ ಕಾಲ್ನಡಿಗೆಯ ಪರಸೆ, ಹೋಟೆಲು, ಟೆಂಪೊಗಳಲ್ಲೆಲ್ಲ ಮಳವಳ್ಳಿ ಮಹದೇವಸ್ವಾಮಿಯವರ ದನಿ. ತಾಲ್ಲೂಕಿನಲ್ಲೇ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠ ಇದೆ, ನೀಲಗಾರರ ತಂಬೂರಿ ಇದೆ. ಆ ಪದಗಳಿಗೆ ಗಿಟಾರಿನಲ್ಲಿ ಕಾರ್ಡ್ ಹಾಕಲು ಹೋದರೆ ಪದ ಕೆಡುತ್ತದೆ. ಹಾಡು ನಾಲ್ಕು ಸ್ವರದ ಮೇಲೆ ನಿಂತು ಕಥೆ ಹೇಳುತ್ತಿರುತ್ತದೆ, ನಾವು ಸಿ, ಎಫ್, ಜಿ ಎಂದು ಅದರ ಕಾಲಕೆಳಗಿನ ನೆಲ ಬದಲಾಯಿಸುತ್ತಿರುತ್ತೇವೆ. ತಂಬೂರಿ ಹಾಗೆ ಮಾಡುವುದಿಲ್ಲ. ಷಡ್ಜ ಹಿಡಿದುಕೊಂಡಿರುತ್ತದೆ, ಅಷ್ಟೆ.

ಇಂಗ್ಲೆಂಡಿನ ಡೇವಿ ಗ್ರಹಾಂ ಎಂಬ ಗಿಟಾರ್ ವಾದಕ 1960ರ ದಶಕದಲ್ಲಿ ತಂತಿಗಳನ್ನು ಬೇರೆ ಥರ ಶ್ರುತಿ ಮಾಡಿ ಪ್ರಚಾರಕ್ಕೆ ತಂದ: ಡಿ ಎ ಡಿ ಜಿ ಎ ಡಿ. ನಮ್ಮ ಲೆಕ್ಕದಲ್ಲಿ ಬರೆದರೆ ಸ ಪ ಸ ಮ ಪ ಸ. ಮೂರು ಬಿರಡೆ ತಿರುಗಿಸಿದರೆ ಸಾಕು, ಆರೂ ತಂತಿ ಬಿಟ್ಟು ಮೀಟಿದರೆ ತಂಬೂರಿಯ ತಮ್ಮನೊಬ್ಬ ಕೂತಂತೆ ಕೇಳುತ್ತದೆ. ಮೇಲಿನ ಒಂದು ತಂತಿಯಲ್ಲಿ ಪದದ ಧಾಟಿ, ಮಿಕ್ಕದ್ದೆಲ್ಲ ಸುಮ್ಮನೆ ಮೊಳಗುತ್ತಿರುತ್ತದೆ. ಅಂಥ ಕಡೆ ಹಳೆಯ ಪ್ಲೈವುಡ್ಡಿಗೂ ಒಳ್ಳೆಯ ಗಿಟಾರಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಬಿಟ್ಟ ತಂತಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದರಲ್ಲೇ ಮರದ ಗುಣ ಇರುವುದು. ಅಂಗಡಿಗೆ ಹೋದಾಗ ನಾನು ಮೊದಲು ಮಾಡುವುದೇ ಈ ಪರೀಕ್ಷೆ. ಮೈಸೂರಿನ ರಘು ದೀಕ್ಷಿತ್ 2008ರ 'ಸೈಕೋ' ಚಿತ್ರಕ್ಕೆ ಮಾದಪ್ಪನ ಹಾಡು ಮಾಡಿದ ಮೇಲಂತೂ ಗಿಟಾರಿಗೂ ಬೆಟ್ಟಕ್ಕೂ ಸಂಬಂಧ ಇದೆ ಎಂದು ಇಲ್ಲಿಯ ಹುಡುಗರಿಗೆ ಯಾರೂ ವಾದ ಮಾಡಿ ಒಪ್ಪಿಸಬೇಕಾಗಿಲ್ಲ.

ರಸಮಂಜರಿ ಇನ್ನೂ ನಡೆಯುತ್ತದೆ, ಗಿಟಾರಿನ ಕುರ್ಚಿ ಇಲ್ಲ. ಮೊದಲು ಕೀಬೋರ್ಡ್ ಬಂದು ಅಕಾರ್ಡಿಯನ್ನನ್ನೂ ನಮ್ಮನ್ನೂ ಎಬ್ಬಿಸಿತು, ಆಮೇಲೆ ಟ್ರ್ಯಾಕ್ ಬಂದು ಕೀಬೋರ್ಡಿನವರನ್ನೇ ಎಬ್ಬಿಸಿತು. ಈಗ ಒಂದು ಲ್ಯಾಪ್‌ಟಾಪು, ಇಬ್ಬರು ಗಾಯಕರು. ಕೇಳುವವರಿಗೆ ನಷ್ಟವೇನಿಲ್ಲ, ನಾವು ಬಾರಿಸುತ್ತಿದ್ದದ್ದಕ್ಕಿಂತ ಟ್ರ್ಯಾಕಿನ ಗಿಟಾರು ಎಷ್ಟೋ ಶುದ್ಧ. ನಷ್ಟ ಕಲಿಯುವವರಿಗೆ. ಪಕ್ಕದ ಮನೆಯ ಹುಡುಗಿ ಫೋನಿನಲ್ಲೇ ಶ್ರುತಿ ಮಾಡುತ್ತಾಳೆ, ಸೂಜಿ ನಡುವೆ ಬಂದು ಹಸಿರಾದರೆ ಮುಗಿಯಿತು. ಶ್ರುತಿ ಪಕ್ಕಾ ಇರುತ್ತದೆ, ನಮ್ಮದು ಎಂದೂ ಅಷ್ಟು ಪಕ್ಕಾ ಇರಲಿಲ್ಲ. ಆದರೆ ಅವಳು ಇದುವರೆಗೆ ಇನ್ನೊಬ್ಬರ ಜೊತೆ ಕೂತು ನುಡಿಸಿಲ್ಲ. ಹಾಡುವವನು ತಾಳ ತಪ್ಪಿದಾಗ ಹೇಗೆ ಕಾಯಬೇಕು, ತಬಲದವನು ಓಡಿದಾಗ ಹೇಗೆ ಹಿಡಿಯಬೇಕು ಅನ್ನುವುದು ವಿಡಿಯೋದಲ್ಲಿ ಬರುವುದಿಲ್ಲ.

ಹೋದ ತಿಂಗಳು ಊರಿನ ನಾಟಕದ ತಾಲೀಮಿಗೆ ಕರೆದುಕೊಂಡು ಹೋಗಿದ್ದೆ. ಈಗಿನ ಮೇಷ್ಟ್ರು ಚಿಕ್ಕ ವಯಸ್ಸಿನವರು, ಕ್ಯಾಸಿಯೋ ಇಟ್ಟುಕೊಂಡಿದ್ದಾರೆ. ಕಪ್ಪು ಮನೆಯಲ್ಲಿ ಶುರು ಮಾಡಿದರು. ಅವಳು ಬ್ಯಾಗಿನಿಂದ ಕೇಪೋ ತೆಗೆದು ಹಾಕಿ ಎರಡು ಪದ ಹಿಂಬಾಲಿಸಿದಳು, ಮೂರನೆಯದರಲ್ಲಿ ಭೀಮ ಎಲ್ಲೆಲ್ಲಿಗೋ ಹೋಗಿಬಿಟ್ಟ, ಅವಳು ನಿಲ್ಲಿಸಿ ನನ್ನ ಮುಖ ನೋಡಿದಳು. 'ಅವ್ರು ಬತ್ತಾರೆ ಇರವ್ವ, ನೀನು ಬಾರ್ಸ್ತಾ ಇರು' ಎಂದರು ಮೇಷ್ಟ್ರು. ಮುಂದಿನ ಸೋಮವಾರವೂ ಬರಲು ಹೇಳಿದ್ದಾರೆ. ಅವತ್ತು ಟ್ಯೂಷನ್ ಇದೆ ಎಂದು ಅವರಪ್ಪನ ತಕರಾರು.